ಹಳೇ ಹಾರರ್ ನಿಜಕ್ಕೂ ಹೆದರಿಸುತ್ತಾ, ಇಲ್ಲಾ ಮರ್ಯಾದೆಗೆ ಹೆದರಿದ ಹಾಗೆ ಆಡ್ತೀವಾ?

ಗೂಬೆಗಡಿಯಾರ

ಅಕ್ಟೋಬರ್ 31ರ ಹ್ಯಾಲೊವೀನ್ ಹತ್ತಿರವಾಯ್ತು, ಹಾರರ್ ಚಿತ್ರಗಳ ಪಟ್ಟಿಗಳ ಸುಗ್ಗಿಯೂ ಶುರುವಾಯ್ತು. ಹೋದ ವಾರ ಇಲ್ಲೇ ಒಬ್ಬರು 1931ರ 'ಡ್ರಾಕುಲಾ' ನಿದ್ದೆ ಬರಿಸುತ್ತೆ ಅಂದರು. ಹತ್ತಾರು ಜನ ಅವರ ಮೇಲೆ ಎಗರಿಬಿದ್ದರು. ಆದರೆ ಒಬ್ಬರಾದರೂ ಆ ಚಿತ್ರದ ಒಂದು ದೃಶ್ಯ ಹಿಡಿದು ವಾದಿಸಲಿಲ್ಲ. "ಕ್ಲಾಸಿಕ್ ರೀ ಅದು" ಅನ್ನೋದು ವಾದ ಅಲ್ಲ, ಬಾಯಿ ಮುಚ್ಚಿಸೋ ಉಪಾಯ.

ಅದಕ್ಕೇ ಇಲ್ಲಿ ಕಟ್ಟುನಿಟ್ಟು: 1980ಕ್ಕಿಂತ ಹಿಂದಿನ ಚಿತ್ರ ಮಾತ್ರ. ದೃಶ್ಯ ಯಾವುದು, ಅದು ಹೇಗೆ ಕೆಲಸ ಮಾಡುತ್ತೆ ಅಥವಾ ಎಲ್ಲಿ ಕೈಕೊಡುತ್ತೆ, ಯಾವ ಪ್ರತಿ ನೋಡಬೇಕು, ಇಷ್ಟು ಬರೀರಿ. ಅಜ್ಜಿ ಮನೆ, ಕರೆಂಟ್ ಹೋದ ರಾತ್ರಿ, ಹುಣಸೆ ಮರ, ಇವಕ್ಕೆಲ್ಲ ಬೇರೆ ಎಳೆ ಇದೆ.

ಜಂಪ್‌ಕಟ್

ಬೈಸಿಕೊಂಡವನೇ ಶುರು ಮಾಡ್ತೀನಿ.

'ಡ್ರಾಕುಲಾ'ದ ಮೊದಲ ಇಪ್ಪತ್ತು ನಿಮಿಷಕ್ಕೆ ನನ್ನ ತಕರಾರಿಲ್ಲ. ಜೇಡರ ಬಲೆ ಹರಿಯದೆ ಅದರಾಚೆ ಹೋಗಿ ನಿಲ್ಲೋ ಡ್ರಾಕುಲಾ ಪಾತ್ರದ ಬೆಲಾ ಲುಗೋಸಿ, ಹಡಗಿನ ತಳದಿಂದ ಮೇಲೆ ನೋಡ್ತಾ ನಗೋ ಅವನ ಗುಲಾಮನ ಪಾತ್ರದ ಡ್ವೈಟ್ ಫ್ರೈ, ಎರಡೂ ಇವತ್ತಿಗೂ ನಡೆಯುತ್ತೆ. ಲಂಡನ್‌ಗೆ ಬಂದ ಮೇಲೆ? ನಿಂತು ಮಾತು, ಕೂತು ಮಾತು. ತೋಳ ಹುಲ್ಲುಹಾಸಿನ ಮೇಲೆ ಓಡ್ತಿದೆ ಅಂತ ಕಿಟಕಿ ಹತ್ತಿರ ಇರೋನು ನಮಗೆ ವರದಿ ಒಪ್ಪಿಸ್ತಾನೆ, ತೋಳ ಕಾಣೋದೇ ಇಲ್ಲ. ಬಾವಲಿಯನ್ನ ದಾರಕ್ಕೆ ಕಟ್ಟಿ ಕುಣಿಸಿದ್ದು ಅಂತ ಎಲ್‌ಕೆಜಿ ಮಗುವಿಗೂ ಗೊತ್ತಾಗುತ್ತೆ. ಮಲಗೋ ಕೋಣೆಯ ದೀಪಕ್ಕೆ ಸಿಕ್ಕಿಸಿದ ರಟ್ಟಿನ ತುಂಡು ಫ್ರೇಮಿನಲ್ಲೇ ಕೂತಿದೆ. 75 ನಿಮಿಷದ ಚಿತ್ರ, ಎರಡೂವರೆ ಗಂಟೆ ಆದ ಹಾಗಿರುತ್ತೆ.

ಇದು ಹೆದರಿಸುತ್ತೆ ಅನ್ನೋರು, ದಯವಿಟ್ಟು ಯಾವ ನಿಮಿಷದಲ್ಲಿ ಅಂತ ಹೇಳಿ.

ಆರ್ಕ್‌ಲ್ಯಾಂಪ್

ಎರಡನೇ ಅರ್ಧದ ಬಗ್ಗೆ ನೀವು ಹೇಳಿದ್ದು ಸರಿ. ಚಿತ್ರ ಕಾದಂಬರಿಗಿಂತ ಹೆಚ್ಚಾಗಿ ನಾಟಕವನ್ನ ಆಧರಿಸಿದೆ, ಲುಗೋಸಿ 1927ರಲ್ಲಿ ಬ್ರಾಡ್‌ವೇಯಲ್ಲಿ ಆಡಿದ ಅದೇ ನಾಟಕ. ರಂಗದ ಮೇಲೆ ತೋಳ ತರೋಕಾಗಲ್ಲ, ಆದ್ದರಿಂದ ಒಬ್ಬ ಕಿಟಕಿ ಹತ್ತಿರ ನಿಂತು ಹೇಳಬೇಕು. ಸಿನಿಮಾಕ್ಕೆ ಬಂದಾಗ ಆ ಊರುಗೋಲು ಬಿಸಾಕಬೇಕಿತ್ತು, ಬಿಸಾಕಲಿಲ್ಲ. ರಟ್ಟಿನ ತುಂಡು ಮಾತ್ರ ಮರೆತು ಬಿಟ್ಟದ್ದೋ, ಹಾಸಿಗೆ ಹಿಡಿದವಳ ಕಣ್ಣಿಗೆ ಬೆಳಕು ಬೀಳದಿರಲಿ ಅಂತ ಬೇಕೆಂದೇ ಇಟ್ಟದ್ದೋ, ಆ ಜಗಳ ಇನ್ನೂ ಮುಗಿದಿಲ್ಲ.

ಇದಕ್ಕೆ ಮದ್ದು ಅದೇ ಸ್ಟುಡಿಯೋದಲ್ಲಿದೆ. ಹಗಲು ಇಂಗ್ಲಿಷ್ ಚಿತ್ರದ ನಿರ್ದೇಶಕ ಟಾಡ್ ಬ್ರೌನಿಂಗ್ ತಂಡ ಮನೆಗೆ ಹೋದ ಮೇಲೆ ರಾತ್ರಿ ಪಾಳಿಯಲ್ಲಿ ಜಾರ್ಜ್ ಮೆಲ್ಫರ್ಡ್ ತಂಡ ಅದೇ ಸೆಟ್‌ಗಳಲ್ಲಿ ಸ್ಪ್ಯಾನಿಷ್ ಆವೃತ್ತಿ ತೆಗೀತಿತ್ತು. ಹಗಲಿನವರು ತೆಗೆದದ್ದನ್ನ ನೋಡಿಕೊಂಡು, ಅದಕ್ಕಿಂತ ಚೆನ್ನಾಗಿ ಮಾಡಬೇಕು ಅಂತ ಹಟದಿಂದ ಮಾಡಿದ್ದು. ಕೋಟೆಯ ಮೆಟ್ಟಿಲ ಮೇಲೆ ಕೌಂಟ್ ಡ್ರಾಕುಲಾ ಮೊದಲ ಸಲ ಕಾಣಿಸೋ ಶಾಟ್ ಎರಡರಲ್ಲೂ ಪಕ್ಕಪಕ್ಕ ಹಾಕಿ ನೋಡಿ. ಇಂಗ್ಲಿಷಿನಲ್ಲಿ ಆತ ನಿಮ್ಮ ಕಡೆ ಇಳಿದು ಬರ್ತಾನೆ. ಸ್ಪ್ಯಾನಿಷಿನಲ್ಲಿ ಕ್ಯಾಮೆರಾನೇ ಮೆಟ್ಟಿಲು ಹತ್ತಿ ಆತನ ಹತ್ತಿರ ಹೋಗುತ್ತೆ. ಬೇಡ ಬೇಡ ಅಂದರೂ ನಿಮ್ಮನ್ನ ಎಳ್ಕೊಂಡು ಹೋದ ಹಾಗೆ.

ಕೊರತೆ ಎರಡು. ಸ್ಪ್ಯಾನಿಷಿನ ಡ್ರಾಕುಲಾ ಕಾರ್ಲೋಸ್ ವಿಯಾರಿಯಾಸ್ ಒಳ್ಳೆ ನಟನಾದರೂ ಕಣ್ಣು ಅರಳಿಸಿದಾಗೆಲ್ಲ ನಗು ಬರುತ್ತೆ, ಲುಗೋಸಿಯ ಆ ನಿಶ್ಚಲತೆ ಇಲ್ಲ. ಮತ್ತೆ ಇದು ಸುಮಾರು 104 ನಿಮಿಷ. ಮಾತು ಇಲ್ಲೂ ಅಷ್ಟೇ ಇದೆ, ಆದರೆ ಮಾತಾಡುವಾಗ ಕ್ಯಾಮೆರಾ ಮಲಗಿರಲ್ಲ.

ಮೊನೊಸೌಂಡ್

ಇಂಗ್ಲಿಷ್ 'ಡ್ರಾಕುಲಾ' ನೋಡೋರಿಗೆ ಒಂದು ಮಾತು. ಅದಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಶೀರ್ಷಿಕೆಗೆ 'ಸ್ವಾನ್ ಲೇಕ್' ತುಣುಕು, ಆಮೇಲೆ ಸಂಗೀತ ಸಭೆಯ ದೃಶ್ಯ ಬಿಟ್ಟರೆ ಮೌನ. 1998ರಲ್ಲಿ ಫಿಲಿಪ್ ಗ್ಲಾಸ್ ಇದಕ್ಕೆ ಸಂಗೀತ ಮಾಡಿದರು, ಕ್ರೋನೋಸ್ ಕ್ವಾರ್ಟೆಟ್ ನುಡಿಸಿದರು. ಕೆಲವು ಡಿಸ್ಕ್‌ಗಳಲ್ಲಿ ಎರಡು ಟ್ರ್ಯಾಕೂ ಇರುತ್ತೆ. ಗ್ಲಾಸ್ ಸಂಗೀತ ಸ್ವತಃ ಚೆಂದ, ಆದರೆ ಅದು ಬಿಡುವು ಕೊಡಲ್ಲ. ಮೊದಲ ಸಲ ಅದನ್ನ ಹಾಕ್ಕೋಬೇಡಿ. ಕೋಟೆಯೊಳಗೆ ಬರೀ ಫಿಲ್ಮಿನ ಹಿಸ್ ಸದ್ದು, ದೂರದ ಊಳು, ಲುಗೋಸಿಯ ಎಳೆದೆಳೆದು ಬರೋ ಮಾತು, ಅಷ್ಟೇ ಇರಬೇಕು. ಸದ್ದೆಲ್ಲ ಉಜ್ಜಿ ತೊಳೆದ ಪ್ರತಿಗಳಲ್ಲಿ ಮಾತು ನಿಂತ ಕೂಡಲೇ ಪೂರ್ತಿ ಶೂನ್ಯ ಬರುತ್ತೆ. ಕೋಣೆಯ ಉಸಿರೇ ಹೋಗಿರುತ್ತೆ.

ನೀಲಿಪ್ರಿಂಟ್

"ಹಳೇದು ಹೆದರಿಸಲ್ಲ" ಅನ್ನೋ ದೂರುಗಳಲ್ಲಿ ಅರ್ಧಕ್ಕರ್ಧ ಪ್ರತಿಯ ಮೇಲಿನ ದೂರು, ಚಿತ್ರದ ಮೇಲಿನದಲ್ಲ. ಇದಕ್ಕೆ ಜರ್ಮನ್ ನಿರ್ದೇಶಕ ಮುರ್ನಾವ್‌ನ ಮೂಕಿ ಚಿತ್ರ 'ನೊಸ್ಫೆರಾಟು' (1922) ಸಾಕು.

ಅಂತರ್ಜಾಲದಲ್ಲಿ ಬಿಟ್ಟಿ ಸಿಗೋ ಅನೇಕ ಪ್ರತಿಗಳು ಅಪ್ಪಟ ಕಪ್ಪು-ಬಿಳುಪು. ಅದರಲ್ಲಿ ರಕ್ತಪಿಶಾಚಿ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನ ಕಂಕುಳಲ್ಲಿ ಅವುಚಿಕೊಂಡು ಊರೊಳಗೆ ಬರೋ ದೃಶ್ಯ ನೋಡಿ: ಗೋಡೆ ಮೇಲೆ ನೆರಳು, ಬೆಳ್ಳಂಬೆಳಗಿನ ಬೆಳಕು. ಮುಂದೆ ಸೂರ್ಯನ ಬೆಳಕು ತಾಗಿ ಆತ ಮಾಯವಾಗ್ತಾನೆ. "ಆಗ ಬಿಸಿಲಲ್ಲೇ ಓಡಾಡ್ತಿದ್ದನಲ್ಲ?" ಅಂತ ನೋಡಿದವರೆಲ್ಲ ಕೇಳ್ತಾರೆ. ಉತ್ತರ: ಅದು ರಾತ್ರಿ. ಆಗಿನ ಫಿಲ್ಮಿಗೆ ರಾತ್ರಿ ಹೊರಗಡೆ ಚಿತ್ರ ತೆಗೆಯುವಷ್ಟು ಬೆಳಕು ಸಾಲುತ್ತಿರಲಿಲ್ಲ. ಹಗಲು ತೆಗೆದು, ಪ್ರಿಂಟಿನ ಆ ಭಾಗವನ್ನ ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದರೆ ರಾತ್ರಿ, ಹಳದಿ-ಕಂದು ಅಂದರೆ ದೀಪದ ಬೆಳಕಿನ ಒಳಾಂಗಣ, ಗುಲಾಬಿ ಅಂದರೆ ಬೆಳಗಿನ ಜಾವ. ಬಣ್ಣ ತೆಗೆದರೆ ಕಥೆಯೇ ಕುಂಟುತ್ತೆ. ಅದರಲ್ಲೂ ರಕ್ತಪಿಶಾಚಿ ಬಿಸಿಲಿಗೆ ಸಾಯುತ್ತೆ ಅನ್ನೋ ಸಂಪ್ರದಾಯವನ್ನ ತೆರೆಗೆ ತಂದ ಚಿತ್ರದಲ್ಲೇ ಹೀಗಾದರೆ ಹೇಗೆ?

ಎರಡನೆಯದು ವೇಗ. ಮುರ್ನಾವ್ ಫೌಂಡೇಶನ್ ಸರಿಪಡಿಸಿದ ಪ್ರತಿ ಸೆಕೆಂಡಿಗೆ 18 ಫ್ರೇಮಿನಂತೆ ಸುಮಾರು 94 ನಿಮಿಷ ಓಡುತ್ತೆ. ಅದನ್ನೇ 24ರಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿಯುತ್ತೆ, ಓರ್ಲಾಕ್ ಬಸ್ ತಪ್ಪಿಸಿಕೊಳ್ಳೋ ಗುಮಾಸ್ತನ ಹಾಗೆ ತುರುತುರು ನಡೀತಾನೆ. ನೀವು ಒತ್ತೋ ಮೊದಲು ಅವಧಿ ನೋಡಿ. 70ರ ಆಸುಪಾಸು ಇದ್ದರೆ ಒಂದೋ ವೇಗ ತಪ್ಪು, ಇಲ್ಲಾ ತುಂಡು ಕತ್ತರಿಸಿದೆ. ಪಾತ್ರಗಳ ಹೆಸರೂ ಸುಳಿವು ಕೊಡುತ್ತೆ: ಓರ್ಲಾಕ್ ಬದಲು ಡ್ರಾಕುಲಾ ಅಂತಿದ್ದರೆ ಆಮೇಲಿನ ಇಂಗ್ಲಿಷ್ ಪ್ರತಿಯಿಂದ ಬಂದದ್ದು. ಚಿತ್ರ 'ಡ್ರಾಕುಲಾ' ಕಾದಂಬರಿಯನ್ನ ಅನುಮತಿ ಇಲ್ಲದೆ ಬಳಸಿತ್ತು; ಅದನ್ನ ಬರೆದ ಬ್ರಾಮ್ ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೇಸು ಗೆದ್ದು, ಪ್ರಿಂಟುಗಳನ್ನ ನಾಶ ಮಾಡಿ ಅಂತ ಕೋರ್ಟು 1925ರಲ್ಲಿ ಹೇಳಿದ ಮೇಲೂ ಅಲ್ಲಲ್ಲಿ ಉಳಿದವುಗಳಿಂದಲೇ ಇವತ್ತಿನ ಪ್ರತಿಗಳು ಹುಟ್ಟಿರೋದು. ಹಾಗಾಗಿ ಕಲಬೆರಕೆ ಜಾಸ್ತಿ.

ಸರಿಯಾದ ಪ್ರತಿಯಲ್ಲಿ ಗಾಡಿ ಕಾಡಿನೊಳಗೆ ಹೋಗೋ ತುಂಡು ನೋಡಿ. ಚಿತ್ರ ತಟ್ಟನೆ ನೆಗೆಟಿವ್‌ಗೆ ತಿರುಗುತ್ತೆ: ಮರಗಳು ಬೆಳ್ಳಗೆ, ಆಕಾಶ ಕಪ್ಪಗೆ. ಕೆಲವೇ ಸೆಕೆಂಡು. ವಿವರಣೆ ಇಲ್ಲ, ಸಂಗೀತದ ಏಟಿಲ್ಲ. ನೂರು ವರ್ಷದ ಹಿಂದಿನ ಈ ಕೈಚಳಕ ಅನೇಕ ಹೊಸ ಗ್ರಾಫಿಕ್ಸ್‌ಗಿಂತ ಚುರುಕು.

ಜಂಪ್‌ಕಟ್

ಹಾಗಾದ್ರೆ ತಪ್ಪೆಲ್ಲಾ ಪ್ರಿಂಟಿನದಾ ಸಾರ್? 'ಡ್ರಾಕುಲಾ'ಗೆ ಒಳ್ಳೇ ಪ್ರಿಂಟ್ ಹಾಕಿದರೆ ತೋಳ ಬರುತ್ತಾ?

ನೀಲಿಪ್ರಿಂಟ್

ಬರಲ್ಲ. ಅದಕ್ಕೇ "ಅರ್ಧಕ್ಕರ್ಧ" ಅಂದೆ.

ಮಳೆಗಾಲದ ಮೋಹಿನಿ

ಕತ್ತರಿ ಹಾಕಿದ್ದರಿಂದ ಇನ್ನೂ ಭಯಂಕರವಾದ ಒಂದು ಉದಾಹರಣೆ ಇದೆ ಮಾರಾಯ್ರೆ. 'ಫ್ರಾಂಕೆನ್‌ಸ್ಟೈನ್' (1931), ಕೆರೆ ದಂಡೆಯ ಹುಡುಗಿ. ಪೂರ್ತಿ ದೃಶ್ಯದಲ್ಲಿ ಇಬ್ಬರೂ ಹೂವು ನೀರಿಗೆ ಎಸೀತಾ ಆಡ್ತಾರೆ. ಹೂವು ಮುಗಿದು ಕೈ ಖಾಲಿಯಾಗುತ್ತೆ. ಹೂವು ತೇಲಿತಲ್ಲ, ಹುಡುಗಿಯೂ ತೇಲ್ತಾಳೆ ಅಂದ್ಕೊಂಡು ಆ ದೈತ್ಯ ಅವಳನ್ನೆತ್ತಿ ಹಾಕ್ತಾನೆ, ಮುಳುಗಿದ್ದು ಕಂಡು ಗಾಬರಿ ಬೀಳ್ತಾನೆ. ಕೆಟ್ಟತನ ಇಲ್ಲ, ತಿಳಿವಳಿಕೆ ಇಲ್ಲ.

ಮರುಬಿಡುಗಡೆ ಹೊತ್ತಿಗೆ ಸೆನ್ಸಾರು ಅದನ್ನ ಕತ್ತರಿಸಿತು. ಎಲ್ಲಿ ಕತ್ತರಿಸಿತು ಅಂತ ನೋಡಿ: ಆತ ಅವಳತ್ತ ಕೈ ಚಾಚಿದಲ್ಲಿಗೆ ಕಟ್. ಮುಂದೆ ಅಪ್ಪ ಮಗಳ ಹೆಣ ಹೊತ್ತು ಊರ ಬೀದಿಯಲ್ಲಿ ನಡೆದು ಬರ್ತಾನೆ. ಮಧ್ಯದ ಖಾಲಿ ಜಾಗದಲ್ಲಿ ನೋಡುವವರು ಏನು ತುಂಬಿಕೊಂಡಿರಬಹುದು? ಮಕ್ಕಳನ್ನ ಕಾಪಾಡೋಕೆ ಹೊರಟ ಕತ್ತರಿ ಒಬ್ಬ ಮುಗ್ಧನನ್ನ ನೀಚನನ್ನಾಗಿ ಮಾಡಿಬಿಟ್ಟಿತು. 1980ರ ದಶಕದಲ್ಲಿ ಆ ತುಂಡು ವಾಪಸ್ ಸೇರಿತು. "ದೇವರಾಗಿರೋದು ಅಂದರೆ ಹೇಗಿರುತ್ತೆ ಅಂತ ಈಗ ಗೊತ್ತಾಯ್ತು" ಅನ್ನೋ ಅರ್ಥದ ಮಾತನ್ನ ಗುಡುಗಿನ ಸದ್ದಲ್ಲಿ ಮುಚ್ಚಿದ್ದರು, ಅದೂ ಮರಳಿ ಬಂತು. ನಿಮ್ಮ ಪ್ರತಿಯಲ್ಲಿ ಗುಡುಗು ಮಾತ್ರ ಕೇಳಿದರೆ ಬದಲಾಯಿಸಿ.

ಬೋರಿಸ್ ಕಾರ್ಲಾಫ್ ಮುಖಕ್ಕೆ ಮೇಕಪ್‌ನ ಜ್ಯಾಕ್ ಪಿಯರ್ಸ್ ಹತ್ತಿ, ಕೊಲೋಡಿಯನ್ ಅನ್ನೋ ಅಂಟುದ್ರವ ಪದರ ಪದರವಾಗಿ ಏರಿಸಿ ದಿನಕ್ಕೆ ಗಂಟೆಗಟ್ಟಲೆ ಕೂರಿಸ್ತಿದ್ದ. ಆದರೆ ನನಗೆ ಅದಕ್ಕಿಂತ ಸೋಜಿಗ ಅದೇ 1931ರ ಇನ್ನೊಂದು ಚಿತ್ರ: ಮಮೂಲಿಯನ್ ನಿರ್ದೇಶನದ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್'. ಒಳ್ಳೇ ಡಾಕ್ಟರು ನೀಚ ಹೈಡ್ ಆಗಿ ಬದಲಾಗುವಾಗ ನಟ ಫ್ರೆಡ್ರಿಕ್ ಮಾರ್ಚ್ ಮುಖ ಕಟ್ ಇಲ್ಲದೆ ನಿಮ್ಮ ಕಣ್ಣೆದುರೇ ಕಪ್ಪಿಡುತ್ತೆ, ಗೆರೆ ಬೀಳುತ್ತೆ. ಒಂದು ಶಾಟ್ ಕರಗಿ ಇನ್ನೊಂದು ಮೂಡೋ ಡಿಸಾಲ್ವ್ ಅಲ್ಲ.

ಜಂಪ್‌ಕಟ್

ಇದು ನೋಡಿದೀನಿ, ಒಪ್ಪಿದೆ. ಹೇಗೆ ಮಾಡಿದ್ರು ಮೇಡಂ?

ಮಳೆಗಾಲದ ಮೋಹಿನಿ

ಬಣ್ಣದ ಆಟ. ಮುಖದ ಮೇಲೆ ಕೆಂಪು ಬಣ್ಣದಲ್ಲಿ ಮೊದಲೇ ಗೆರೆ, ನೆರಳು ಬರೆದಿರ್ತಾರೆ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ಕೆಂಪು ಗೆರೆ, ಚರ್ಮ ಎರಡೂ ಒಂದೇ ಬಿಳುಪಾಗಿ ಗೆರೆ ಮಾಯ. ಫಿಲ್ಟರನ್ನ ಮೆಲ್ಲಗೆ ಸರಿಸಿ ಹಸಿರಿಗೆ ತಂದರೆ ಅದೇ ಗೆರೆ ಕಪ್ಪಾಗಿ ಏಳುತ್ತೆ. ಕಪ್ಪು-ಬಿಳುಪು ಫಿಲ್ಮ್ ಆದ್ದರಿಂದ ಬಣ್ಣ ಬದಲಾದದ್ದು ನಮಗೆ ಕಾಣಲ್ಲ. ಸ್ಟ್ರಸ್ ಇದನ್ನ 1925ರ 'ಬೆನ್-ಹರ್'ನಲ್ಲಿ ಕುಷ್ಠ ವಾಸಿಯಾಗೋ ದೃಶ್ಯಕ್ಕೆ ಉಲ್ಟಾ ದಿಕ್ಕಿನಲ್ಲಿ ಬಳಸಿದ್ದ. ಮಾರಿಯೋ ಬಾವಾ 1960ರ 'ಬ್ಲ್ಯಾಕ್ ಸಂಡೇ'ಯಲ್ಲಿ ಇದನ್ನೇ ಮಾಡಿದ. ಮಮೂಲಿಯನ್ ಮಾತ್ರ ದಶಕಗಳ ಕಾಲ ಗುಟ್ಟು ಬಿಡಲಿಲ್ಲ.

31ನೇ ತಾರೀಖಿಗೆ ಮನೆಯಲ್ಲೇ ಮಾಡಿ ನೋಡೋರಿಗೆ ಹೇಳ್ತೇನೆ. ಬಣ್ಣ ಬದಲಾಗೋ ಎಲ್‌ಇಡಿ ಬಲ್ಬ್ ಒಂದು, ಫೋನು ಒಂದು, ಕಿತ್ತಳೆ ಕಡೆ ವಾಲುವ ಕೆಂಪು ಲಿಪ್‌ಸ್ಟಿಕ್ ಒಂದು. ಮರೂನ್ ಬೇಡ, ಅದರಲ್ಲಿ ನೀಲಿ ಇರುತ್ತೆ, ಕೆಂಪು ಬೆಳಕಲ್ಲೂ ಕಾಣಿಸಿಕೊಳ್ಳುತ್ತೆ. ಕುಂಕುಮ ಉದುರುತ್ತೆ, ಕಣ್ಣಿಗೆ ಬೀಳುತ್ತೆ, ಬೇಡ. ಕಿಟಕಿಗೆ ದಪ್ಪ ಪರದೆ ಹಾಕಿ, ಕೋಣೆಯಲ್ಲಿ ಆ ಬಲ್ಬ್ ಬಿಟ್ಟು ಬೇರೆ ಬೆಳಕು ಇರಬಾರದು. ಫೋನನ್ನ ಕಪ್ಪು-ಬಿಳುಪು ಮೋಡಿಗೆ ಹಾಕಿ, ಸ್ಟ್ಯಾಂಡಿಗೆ ಸಿಕ್ಕಿಸಿ, ಮುಖದ ಮೇಲೆ ಬೆರಳಿಟ್ಟು ಒತ್ತಿ ಎಕ್ಸ್‌ಪೋಷರ್ ಲಾಕ್ ಮಾಡಿ. ಕೆಂಪು ಬೆಳಕಿನಲ್ಲಿ ಶುರು ಮಾಡಿ, ಆರೇಳು ಸೆಕೆಂಡಿನಲ್ಲಿ ಹಸಿರಿಗೆ ತನ್ನಿ.

ಕೆಡೋದು ಮೂರು ಕಡೆ. ಲಾಕ್ ಮಾಡದಿದ್ದರೆ ಬಣ್ಣ ಬದಲಾದ ಕೂಡಲೇ ಫೋನು ಬೆಳಕು ಏರಿಸಿ ಇಳಿಸಿ ಎಲ್ಲ ಹಾಳು. ಬ್ಯೂಟಿ ಮೋಡ್ ಆನ್ ಇದ್ದರೆ ಗೆರೆಗಳನ್ನೇ ಒರೆಸಿಹಾಕುತ್ತೆ. ಮೂರನೆಯದು ನಮ್ಮದೇ ತೊಂದರೆ: ಗೋಧಿ, ಕಂದು ಬಣ್ಣದ ಚರ್ಮ ಹಸಿರು ಬೆಳಕಲ್ಲಿ ತಾನೇ ಕಪ್ಪಾಗುತ್ತೆ, ಗೆರೆ ಎದ್ದು ಕಾಣಲ್ಲ. ನಿಮ್ಮ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಫೌಂಡೇಶನ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಗೆರೆ ಎಳೆಯಿರಿ. ಕೆನ್ನೆಯ ಕೆಳಗೆ, ಹುಬ್ಬಿನ ನಡುವೆ, ಮೂಗಿನ ಎರಡು ಬದಿ ಸಾಕು. ಇಡೀ ಮುಖ ಬಳಿದರೆ ಬಣ್ಣದ ವೇಷ ಆಗ್ತದೆ.

ಆರ್ಕ್‌ಲ್ಯಾಂಪ್

ಕೊನೇ ಸಾಲು ನಮ್ಮ ಎಷ್ಟೋ ಮೇಕಪ್‌ಮನ್‌ಗಳು ಓದಬೇಕು. ಅಂದಹಾಗೆ ಈ ಚಿತ್ರ ಬಹಳ ವರ್ಷ ಸಿಗದೇ ಇದ್ದದ್ದಕ್ಕೆ ಕಾರಣ ಎಂಜಿಎಂ ಸ್ಟುಡಿಯೋ. 1941ರಲ್ಲಿ ಸ್ಪೆನ್ಸರ್ ಟ್ರೇಸಿಯನ್ನ ಹಾಕಿ ಅದೇ ಕಥೆ ತೆಗೆದಾಗ, ಈ ಹಳೆಯದನ್ನ ಕೊಂಡು ಮೂಲೆಗೆ ತಳ್ಳಿತು. ಎರಡೂ ನೋಡಿ, ಯಾಕೆ ತಳ್ಳಿತು ಅಂತ ಗೊತ್ತಾಗುತ್ತೆ.

ಮೊನೊಸೌಂಡ್

ಇಲ್ಲಿಂದ ಮುಂದೆ 'ಕ್ಯಾಟ್ ಪೀಪಲ್' (1942) ನೋಡದವರು ಈ ಪೋಸ್ಟ್ ಹಾರಿಸಿ.

ಜಂಪ್‌ಕಟ್ ಅವರ ಹೆಸರಿಗೇ ಉತ್ತರ ಇದು. ಬೆಚ್ಚಿಬೀಳಿಸೋ ತಂತ್ರಕ್ಕೆ ಸಿನಿಮಾದವರಲ್ಲಿ ಇವತ್ತಿಗೂ "ಲ್ಯೂಟನ್ ಬಸ್" ಅಂತ ಹೆಸರು. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜ್ಯಾಕ್ ಟೂರ್ನಿಯರ್, ಸಂಕಲನಕಾರ ಮಾರ್ಕ್ ರಾಬ್ಸನ್. ತಾನು ಚಿರತೆಯಾಗ್ತೀನಿ ಅಂತ ಹೆದರೋ ಹೆಂಗಸಿನ ಕಥೆ. ಆದರೆ ಆರ್‌ಕೆಓ ಸ್ಟುಡಿಯೋ ಕೊಟ್ಟ ದುಡ್ಡು ಒಂದೂವರೆ ಲಕ್ಷ ಡಾಲರ್ ಒಳಗೆ, ಹಾಗಾಗಿ ಮೃಗವನ್ನ ಜಾಸ್ತಿ ತೋರಿಸೋ ಹಾಗಿರಲಿಲ್ಲ.

ಆಕೆಯ ಗಂಡನ ಸಹೋದ್ಯೋಗಿ ಆಲಿಸ್ ರಾತ್ರಿ ಪಾರ್ಕಿನ ಗೋಡೆ ಪಕ್ಕ ಒಬ್ಬಳೇ ನಡೀತಾಳೆ. ಸಂಗೀತ ಇಲ್ಲ. ಎರಡು ಜೊತೆ ಹೈ ಹೀಲ್ಸ್ ಸದ್ದು, ಎರಡಕ್ಕೂ ಬೇರೆ ಬೇರೆ ಲಯ. ಬೀದಿದೀಪದ ಕೆಳಗೆ ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಒಂದು ಹಂತದಲ್ಲಿ ಹಿಂದಿನ ಹೆಜ್ಜೆ ಸದ್ದು ನಿಲ್ಲುತ್ತೆ. ಗಮನಿಸಿ, ಭಯ ಶುರುವಾಗೋದು ಸದ್ದು ಬಂದಾಗಲ್ಲ, ನಿಂತಾಗ. ಆಲಿಸ್ ಓಡ್ತಾಳೆ, ತಿರುಗಿ ನೋಡ್ತಾಳೆ, ಏನೂ ಇಲ್ಲ. ಮೃಗ ಗುರ್ ಅಂದ ಹಾಗೆ ಒಂದು ಸದ್ದಿನ ಜೊತೆ ಫ್ರೇಮಿನೊಳಗೆ ನುಗ್ಗೋದು ಬಸ್ಸು, ಬ್ರೇಕಿನ ಗಾಳಿ ಬಿಡ್ತಾ.

ಇದು ಕೆಲಸ ಮಾಡೋಕೆ ಒಂದೇ ಷರತ್ತು: ಹೆಜ್ಜೆ ಸದ್ದು ಸಣ್ಣಗಿರಬೇಕು, ಬಸ್ಸು ಜೋರಾಗಿರಬೇಕು. ನಿಮ್ಮ ಟಿವಿಯಲ್ಲಿ 'ಆಟೋ ವಾಲ್ಯೂಮ್', 'ನೈಟ್ ಮೋಡ್', ಸೌಂಡ್‌ಬಾರಿನಲ್ಲಿ 'ಕ್ಲಿಯರ್ ವಾಯ್ಸ್' ತರಹದ್ದೇನಾದರೂ ಆನ್ ಇದ್ದರೆ ಅದು ಸಣ್ಣದನ್ನ ಏರಿಸಿ ದೊಡ್ಡದನ್ನ ಇಳಿಸುತ್ತೆ. ಎರಡೂ ಒಂದೇ ಮಟ್ಟಕ್ಕೆ ಬಂದರೆ ಬಸ್ಸು ಬರೀ ಬಸ್ಸು, ಮೆಜೆಸ್ಟಿಕ್‌ನಲ್ಲಿ ಬಂದ ಹಾಗೆ ಬಂದು ನಿಲ್ಲುತ್ತೆ. ಸರೌಂಡ್ ಎಫೆಕ್ಟನ್ನೂ ತೆಗೀರಿ. ಇದು ಮೊನೊ ಚಿತ್ರ, ಹೆಜ್ಜೆ ಸದ್ದು ಪರದೆಯೊಳಗಿಂದಲೇ ಬರಬೇಕು, ನಿಮ್ಮ ಸೋಫಾ ಹಿಂದಿನಿಂದಲ್ಲ.

ಅದೇ ಲ್ಯೂಟನ್ ಗರಡಿಯಲ್ಲಿ ಪಳಗಿದವರು ರಾಬರ್ಟ್ ವೈಸ್. ನಿರ್ದೇಶಕನಾಗಿ ಶುರು ಮಾಡಿದ್ದೇ 1944ರಲ್ಲಿ ಇದರ ಮುಂದಿನ ಭಾಗದಿಂದ. ಹತ್ತೊಂಬತ್ತು ವರ್ಷದ ಮೇಲೆ 'ದಿ ಹಾಂಟಿಂಗ್' (1963) ತೆಗೆದಾಗ ಅದೇ ಪಾಠ: ದೆವ್ವ ಇಲ್ಲ, ಬಾಗಿಲ ಆಚೆ ಸದ್ದು ಇದೆ. ಆಮೇಲೆ ಆ ಬಾಗಿಲು ಒಳಗೆ ಉಬ್ಬುತ್ತೆ, ಉಸಿರಾಡೋ ಹಾಗೆ. ತೆಳು ಮರದ ಪದರ ಅಂಟಿಸಿ ಮಾಡಿದ ಬಾಗಿಲು, ಹಿಂದಿನಿಂದ ಒಬ್ಬ ಕೆಲಸದಾತ ತಳ್ಳಿದ್ದು. ಅಷ್ಟೇ ಖರ್ಚು.

ಆರ್ಕ್‌ಲ್ಯಾಂಪ್

'ಹಾಂಟಿಂಗ್'ನ ಗೋಡೆಗಳು ವಕ್ರವಾಗಿ ಕಾಣೋದಕ್ಕೆ ಕಾರಣ ಪಾನವಿಷನ್‌ನ 30 ಎಂಎಂ ಲೆನ್ಸು. ಇನ್ನೂ ಪೂರ್ತಿ ತಯಾರಾಗಿರಲಿಲ್ಲ, ಚಿತ್ರ ಅಂಚಲ್ಲಿ ಬಾಗ್ತಿತ್ತು. ವೈಸ್‌ಗೆ ಬೇಕಾದದ್ದೂ ಅದೇ. "ಲೆನ್ಸಿನಲ್ಲಿ ದೋಷ ಇದೆ ಅಂತ ನನಗೆ ಗೊತ್ತು" ಅಂತ ಬರೆಸಿ ಸಹಿ ಹಾಕಿಸಿಕೊಂಡೇ ಕಂಪನಿ ಅದನ್ನ ಕೊಟ್ಟಿತು. ಮನೆ ಹೊರಗಿನಿಂದ ಕಾಣೋ ಶಾಟ್‌ಗಳಿಗೆ ಇನ್‌ಫ್ರಾರೆಡ್ ಫಿಲ್ಮ್ ಹಾಕಿದ್ದರಿಂದ ಆಕಾಶ ಕಪ್ಪು, ಕಲ್ಲು ಬೆಳ್ಳಗೆ.

ಇದನ್ನ 2.35:1 ಅಗಲದಲ್ಲೇ ನೋಡಿ. ಹಳೇ ಟಿವಿಯ 4:3ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಚಿತ್ರದ ಶೇ. 43ರಷ್ಟು ಹೊರಗೆ ಹೋಗಿರುತ್ತೆ. ಈಗಿನ ಟಿವಿ ತುಂಬುವ ಹಾಗೆ 'ಜೂಮ್' ಒತ್ತಿದರೂ ಕಾಲು ಭಾಗ ಹೋಯ್ತು.

ತುಂಗಾತೀರ

1980ಕ್ಕಿಂತ ಹಿಂದೆ ಅಂದಿರಿ, ನಮ್ಮ 'ನಾ ನಿನ್ನ ಬಿಡಲಾರೆ' 1979. ದೆವ್ವ ಹಿಡಿಯೋದು ಹೆಂಡತಿಗಲ್ಲ, ಗಂಡನಿಗೆ. ಅನಂತನಾಗ್ ಕಣ್ಣು, ದನಿ ಎರಡನ್ನೇ ಬದಲಾಯಿಸಿ ಆಡಿದ್ದಾರೆ, ಮುಖಕ್ಕೆ ರಬ್ಬರ್ ಅಂಟಿಸಿಲ್ಲ. ಲೆಕ್ಕಕ್ಕೆ ಹಿಡೀತೀರಾ?

ಗೂಬೆಗಡಿಯಾರ

ಹಿಡಿಯದೆ ಇರ್ತೀವಾ ಸಾರ್? ಆದರೆ ಅದಕ್ಕೆ ಈ ಎಳೆಯ ಬಾಲದಲ್ಲಿ ಜಾಗ ಕೊಟ್ಟರೆ ಅನ್ಯಾಯ. ನೀವೇ ಹೊಸದು ಶುರು ಮಾಡಿ, ಮೊದಲ ಕಾಮೆಂಟ್ ನಂದು.

ಕಪ್ಪುಪಟ್ಟಿ

ಅಗಲದ ಮಾತು ಬಂದ ಮೇಲೆ ಜಾನ್ ಕಾರ್ಪೆಂಟರ್‌ನ 'ಹ್ಯಾಲೊವೀನ್' (1978) ಬಿಡೋ ಹಾಗಿಲ್ಲ. ಅದರಲ್ಲಿ ಮುಖವಾಡದ ಕೊಲೆಗಾರ ಮೈಕಲ್ ಸಾಮಾನ್ಯವಾಗಿ ನಿಲ್ಲೋದು ಫ್ರೇಮಿನ ಅಂಚಿನಲ್ಲಿ. ಅಂಚು ಕತ್ತರಿಸಿದರೆ ವಿಲನ್ನೇ ಇಲ್ಲ.

ಈ ಚಿತ್ರದ ಬಡತನ ಎಲ್ಲರಿಗೂ ಗೊತ್ತು: ಸುಮಾರು 3 ಲಕ್ಷ ಡಾಲರ್, ಎರಡು ಡಾಲರಿಗಿಂತ ಕಮ್ಮಿಗೆ ಸಿಕ್ಕ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಮುಖವಾಡ, ಅದಕ್ಕೆ ಬಿಳಿ ಸ್ಪ್ರೇ, ಕಣ್ಣಿನ ತೂತು ದೊಡ್ಡದು. ಶೂಟಿಂಗ್ ಕ್ಯಾಲಿಫೋರ್ನಿಯಾದ ವಸಂತದಲ್ಲಿ, ಕಥೆ ಇಲಿನಾಯ್‌ನ ಅಕ್ಟೋಬರ್‌ನಲ್ಲಿ. ಬಣ್ಣ ಬಳಿದ ಎಲೆಗಳನ್ನ ಸುರಿದು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮತ್ತೆ ಬಳಸಿದರು. ಹಿಂದೆ ಮರಗಳು ಹಚ್ಚಹಸಿರು, ಒಂದೆರಡು ಕಡೆ ತಾಳೆ ಮರವೂ ಇಣುಕುತ್ತೆ. ಇದನ್ನ ಹುಡುಕಿ ನಗೋದು ಸುಲಭ.

ನೋಡಬೇಕಾದದ್ದು ಬೇರೆ. ಕೊನೆಯ ಭಾಗದಲ್ಲಿ ನಾಯಕಿ ಲೋರಿ ಬಾಗಿಲ ಪಕ್ಕ ಗೋಡೆಗೊರಗಿ ಅಳ್ತಾ ನಿಂತಿದ್ದಾಳೆ. ಅವಳ ಹಿಂದೆ ಕೋಣೆಯ ಬಾಗಿಲು, ಒಳಗೆ ಪೂರ್ತಿ ಕತ್ತಲು. ಆ ಕತ್ತಲಿನಿಂದ ಬಿಳಿ ಮುಖವಾಡ ಮೂಡುತ್ತೆ. ಮೈಕಲ್ ನಡೆದು ಬರಲ್ಲ, ಅಲ್ಲೇ ನಿಂತಿದ್ದಾನೆ. ಛಾಯಾಗ್ರಾಹಕ ಡೀನ್ ಕಂಡಿ ಮುಖವಾಡದ ಮೇಲಿನ ಒಂದು ಸಣ್ಣ ದೀಪವನ್ನ ಡಿಮ್ಮರಿನಿಂದ ಮೆಲ್ಲಗೆ ಏರಿಸಿದ್ದು. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಹೇಗೆ ಕಾಣುತ್ತೋ ಹಾಗೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಪಕ್ಕಾ ಹೆದರಿಕೆ ನನ್ನ ಲೆಕ್ಕದಲ್ಲಿ ಇನ್ನೊಂದಿಲ್ಲ.

ಟಿವಿ ತಪ್ಪಿದ್ದರೆ ಇದೇ ಶಾಟ್ ಮೊದಲು ಸಾಯುತ್ತೆ. 'ಬ್ರೈಟ್‌ನೆಸ್' ಜಾಸ್ತಿಯಿದ್ದರೆ ಮುಖವಾಡ ಮೊದಲೇ ಕಂಡುಬಿಡುತ್ತೆ. ಕಮ್ಮಿಯಿದ್ದರೆ ಅರ್ಧ ದಾರಿವರೆಗೂ ಏನೂ ಇಲ್ಲ, ಆಮೇಲೆ ಸ್ವಿಚ್ ಹಾಕಿದ ಹಾಗೆ ಧಪ್ಪಂತ ಬರುತ್ತೆ. ಮಾಡೋದು ಇಷ್ಟು. ಪಿಕ್ಚರ್ ಮೋಡ್ 'ಫಿಲ್ಮ್‌ಮೇಕರ್' ಇದ್ದರೆ ಅದು, ಇಲ್ಲದಿದ್ದರೆ 'ಸಿನಿಮಾ'. ಚಲನೆ ನಯ ಮಾಡೋ ಸೆಟ್ಟಿಂಗ್ ಪೂರ್ತಿ ಆಫ್: ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತೆಲ್ಲ ಹೆಸರು. ಇದು ಆನ್ ಇದ್ದರೆ 35 ಎಂಎಂ ಚಿತ್ರ ಸಂಜೆ ಧಾರಾವಾಹಿ ಆಗುತ್ತೆ. ನಾಯ್ಸ್ ರಿಡಕ್ಷನ್ ಆಫ್, ಇಲ್ಲದಿದ್ದರೆ ಗ್ರೇನ್ (ಫಿಲ್ಮಿನ ಕಾಳು) ಜೊತೆ ಮುಖದ ಚರ್ಮವೂ ಮೇಣವಾಗುತ್ತೆ. ಕೋಣೆಯ ಬೆಳಕು ನೋಡಿ ತಾನೇ ಏರಿಳಿಯೋ ಸೆನ್ಸರ್ ಆಫ್.

ಆಮೇಲೆ ಲೈಟ್ ಆರಿಸಿ, ಚಿತ್ರದ ಮೇಲೆ ಕೆಳಗೆ ಇರೋ ಕಪ್ಪು ಪಟ್ಟಿ ನೋಡಿ. ಬ್ರೈಟ್‌ನೆಸ್ ಒಂದೊಂದೇ ಏರಿಸಿ, ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿದ ಕೂಡಲೇ ಒಂದೆರಡು ಹಿಂದಕ್ಕೆ. ಎಷ್ಟು ತಿರುವಿದರೂ ಕಪ್ಪು ಬೂದಿಯಾಗೇ ಇದ್ದರೆ ಅಥವಾ ನೆರಳೆಲ್ಲ ಟಾರು ಸುರಿದ ಹಾಗಿದ್ದರೆ ತಪ್ಪು ಅಲ್ಲಿಲ್ಲ. ಪ್ಲೇಯರ್ ಒಂದು ಎಚ್‌ಡಿಎಂಐ ರೇಂಜ್ (ಕಪ್ಪಿನಿಂದ ಬಿಳುಪಿನವರೆಗಿನ ಅಳತೆ) ಕಳಿಸ್ತಿದೆ, ಟಿವಿ ಇನ್ನೊಂದು ಅಂದ್ಕೊಂಡಿದೆ. ಎರಡನ್ನೂ 'ಲಿಮಿಟೆಡ್'ಗೆ ಹಾಕಿ.

ಡಿಸ್ಕ್ ಕೊಳ್ಳೋರಿಗೆ: 2007ರ ಬ್ಲೂ-ರೇಯಲ್ಲಿ ರಾತ್ರಿಯ ನೀಲಿ ಸೋರಿಹೋಗಿದೆ. 2013ರ 35ನೇ ವರ್ಷದ ಪ್ರತಿಗೆ ಕಂಡಿ ಅವರದೇ ಉಸ್ತುವಾರಿ.

ಮೊನೊಸೌಂಡ್

ಇನ್ನೊಂದು ಸೇರಿಸ್ತೀನಿ. ಯುರೋಪು, ಭಾರತದ ಟಿವಿ ಪದ್ಧತಿಗೆ ಮಾಡಿದ ಹಳೇ ಪಾಲ್ (PAL) ಡಿವಿಡಿ ಇದ್ದರೆ 91 ನಿಮಿಷದ ಚಿತ್ರ 87ಕ್ಕೆ ಮುಗಿಯುತ್ತೆ, 24 ಫ್ರೇಮನ್ನ 25ರಲ್ಲಿ ಓಡಿಸೋದರಿಂದ. ಸ್ವರ ಮುಕ್ಕಾಲು ಅರ್ಧಸ್ವರದಷ್ಟು ಮೇಲೇರುತ್ತೆ. ಕಾರ್ಪೆಂಟರ್‌ನ ಆ 5/4 ಪಿಯಾನೋ ಅಷ್ಟಕ್ಕೇ ತೂಕ ಕಳ್ಕೊಳ್ಳುತ್ತೆ. ಐದು ಮಾತ್ರೆಯ ತಾಳ ಖಂಡ ಚಾಪು ಕೇಳಿದ ನಮ್ಮ ಕಿವಿಗೆ ಹೊಸದಲ್ಲ, ಆದರೆ ಇಲ್ಲಿ ಅದು ಎಲ್ಲೂ ಕೂತು ಸುಧಾರಿಸಿಕೊಳ್ಳಲ್ಲ.

ಜಂಪ್‌ಕಟ್

ಸರಿ, ಬಾಗಿಲ ಶಾಟ್‌ಗೆ ಸೋತೆ. ನನ್ನ ಕಡೆಯಿಂದ ಒಂದು: 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968). ಇದು ಹಳೇದು ಅಂತ ಅನಿಸೋದೇ ಇಲ್ಲ, ಸುದ್ದಿ ಚಾನೆಲ್ ನೋಡಿದ ಹಾಗಿದೆ. ಆದರೆ ಯೂಟ್ಯೂಬ್‌ನಲ್ಲಿ ಇಪ್ಪತ್ತು ಪ್ರತಿ, ಇಪ್ಪತ್ತೂ ಗಂಜಿ. ಯಾಕೆ ಇಷ್ಟೊಂದು?

ನೀಲಿಪ್ರಿಂಟ್

ಹಕ್ಕುಸ್ವಾಮ್ಯದ ಸೂಚನೆ ಶೀರ್ಷಿಕೆ ಕಾರ್ಡಿನಲ್ಲೇ ಇತ್ತು. ವಿತರಕರು ಕೊನೇ ಗಳಿಗೆಯಲ್ಲಿ ಚಿತ್ರದ ಹೆಸರು ಬದಲಾಯಿಸಿ ಹೊಸ ಕಾರ್ಡ್ ಹಾಕಿದರು, ಸೂಚನೆ ಹಾಕೋದು ಮರೆತರು. ಆಗಿನ ಅಮೆರಿಕದ ಕಾನೂನಿನಲ್ಲಿ ಸೂಚನೆ ಇಲ್ಲ ಅಂದರೆ ಹಕ್ಕೂ ಇಲ್ಲ. ಯಾರು ಬೇಕಾದರೂ ನಕಲಿನ ನಕಲು ಮಾಡಿ ಮಾರಬಹುದಾಯ್ತು, ಮಾರಿದರು. ಪಿಟ್ಸ್‌ಬರ್ಗಿನಲ್ಲಿ ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಗೆಳೆಯರು 1,14,000 ಡಾಲರಿನಲ್ಲಿ ಮಾಡಿದ ಚಿತ್ರ ಜಗತ್ತೆಲ್ಲ ಓಡಿತು, ದುಡ್ಡು ಬೇರೆಯವರ ಜೇಬಿಗೆ.

ನೋಡಬೇಕಾದದ್ದು ಮೂಲ ನೆಗೆಟಿವ್‌ನಿಂದ ಮಾಡಿದ 4ಕೆ ಪ್ರತಿ, ನ್ಯೂಯಾರ್ಕಿನ ಮೋಮಾ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ್ದು. ಆಕಾರ ಹೆಚ್ಚುಕಮ್ಮಿ ಚೌಕ, ಪಕ್ಕದಲ್ಲಿ ಪಟ್ಟಿ ಇರುತ್ತೆ. ಬಣ್ಣ ಬಳಿದದ್ದು ಬೇಡ, ಶವಗಳು ಹಸಿರಾಗಿವೆ. 1999ರ '30ನೇ ವರ್ಷದ ಆವೃತ್ತಿ'ಯೂ ಬೇಡ, ಅದರಲ್ಲಿ ಹೊಸದಾಗಿ ತೆಗೆದ ದೃಶ್ಯ ತುರುಕಿದ್ದಾರೆ. ಒಳ್ಳೇ ಪ್ರತಿಯಲ್ಲಿ ಕೊನೆಯ ನಿಶ್ಚಲ ಚಿತ್ರಗಳ ಒರಟು ಕಾಳು ಉಳಿದ ಚಿತ್ರದ ನುಣುಪಿಗೆ ಎದುರಾಗಿ ನಿಲ್ಲುತ್ತೆ. ಪತ್ರಿಕೆಯ ಫೋಟೋ ಹಾಗೆ. ಕಳಪೆ ಪ್ರತಿಯಲ್ಲಿ ಇಡೀ ಚಿತ್ರವೇ ಒರಟು, ಹಾಗಾಗಿ ಆ ಏಟು ಬೀಳೋದೇ ಇಲ್ಲ.

ಗೂಬೆಗಡಿಯಾರ

31ರ ರಾತ್ರಿಗೆ ಯಾರೋ ಮೆಸೇಜಲ್ಲಿ ವೇಳಾಪಟ್ಟಿ ಕೇಳಿದ್ರು. ಕರ್ನಾಟಕದಲ್ಲಿರೋರಿಗೆ ಮರುದಿನ ರಾಜ್ಯೋತ್ಸವ, ರಜೆ, ಹಾಗಾಗಿ ಧಾರಾಳವಾಗಿ ಹಾಕ್ತೀನಿ. 7ಕ್ಕೆ 'ಕ್ಯಾಟ್ ಪೀಪಲ್', 73 ನಿಮಿಷ. ಊಟ. 9ಕ್ಕೆ 'ಹಾಂಟಿಂಗ್', 112 ನಿಮಿಷ. 11ಕ್ಕೆ 'ಹ್ಯಾಲೊವೀನ್', ಹನ್ನೆರಡೂವರೆಗೆ ಮುಗೀತು. ಬೆಳಗ್ಗೆ ಧ್ವಜಾರೋಹಣ ಇರೋರು ಕೊನೇದು ಬಿಡಿ.

ಮಳೆಗಾಲದ ಮೋಹಿನಿ

ಊಟ ಹಗುರ ಇರಲಿ. 'ಹಾಂಟಿಂಗ್' ಮೊದಲ ಅರ್ಧ ಗಂಟೆ ನಿಧಾನ, ಬಿರಿಯಾನಿ ಹೊಡೆದು ಕೂತರೆ ಬಾಗಿಲು ಉಬ್ಬೋ ಹೊತ್ತಿಗೆ ನಿಮ್ಮ ಗೊರಕೆ ಅದಕ್ಕಿಂತ ಜೋರು. ಅಮೆರಿಕದಲ್ಲಿರೋರು 7ಕ್ಕೆ ಶುರು ಮಾಡಲೇಬೇಡಿ. ಚಾಕೊಲೇಟ್ ಕೇಳೋ ಮಕ್ಕಳು ಬೆಲ್ ಒತ್ತುತ್ತಲೇ ಇರ್ತಾರೆ, ಹೆಜ್ಜೆ ಸದ್ದಿನ ದೃಶ್ಯ ಹಾಳು. ಹೊರಗಿನ ದೀಪ ಆರಿಸಿದ ಮೇಲೆ ಹಾಕಿ.

ಜಂಪ್‌ಕಟ್

'ಕ್ಯಾಟ್ ಪೀಪಲ್' ನಾನು ನೋಡಿಲ್ಲ. ಹಾರಿಸಿ ಅಂದ ಪೋಸ್ಟನ್ನೂ ಓದಿಬಿಟ್ಟೆ. ಬಸ್ಸು ಬರೋದು ಗೊತ್ತಾದ ಮೇಲೂ ಕೆಲಸ ಮಾಡುತ್ತಾ? ಎಷ್ಟನೇ ನಿಮಿಷ ಅಂತಾದ್ರೂ ಹೇಳಿ, ವಾಲ್ಯೂಮ್ ಸರಿ ಮಾಡ್ಕೋತೀನಿ.

ಮೊನೊಸೌಂಡ್

ಹೇಳಲ್ಲ. ವಾಲ್ಯೂಮನ್ನ ಮೊದಲ ದೃಶ್ಯದ ಮಾತಿಗೆ ಸರಿಮಾಡಿ, ಆಮೇಲೆ ರಿಮೋಟನ್ನ ಬೇರೆ ಕೋಣೆಯಲ್ಲಿಟ್ಟು ಬನ್ನಿ.